ನೋವಿನ ಹಾಸಿಗೆಯಲ್ಲಿ ದೀಪಧಾರಿಣಿ: ಫ್ಲಾರೆನ್ಸ್ ನೈಟಿಂಗೇಲ್ ಬದುಕಿನ ಮತ್ತೊಂದು ಮುಖ

ಪ್ರತಿ ವರ್ಷ ಮೇ 12 ಬಂತೆಂದರೆ ರಾಜ್ಯದ ನರ್ಸಿಂಗ್ ಕಾಲೇಜುಗಳ ಸಭಾಂಗಣಗಳಲ್ಲಿ ಒಂದೇ ದೃಶ್ಯ. ಬಿಳಿಯ ಸಮವಸ್ತ್ರ ಧರಿಸಿದ ವಿದ್ಯಾರ್ಥಿನಿಯರು ಕೈಯಲ್ಲಿ ಪುಟ್ಟ ದೀಪವನ್ನೋ ಮೇಣದಬತ್ತಿಯನ್ನೋ ಹಿಡಿದು ಸಾಲಾಗಿ ನಿಂತು ಸೇವೆಯ ಪ್ರತಿಜ್ಞೆ ಸ್ವೀಕರಿಸುತ್ತಾರೆ. ವೇದಿಕೆಯ ಮೇಲೆ ಹೂಮಾಲೆ ತೊಟ್ಟ ಭಾವಚಿತ್ರವೊಂದಿರುತ್ತದೆ. ತಲೆಗೆ ಬಿಳಿ ವಸ್ತ್ರ, ಶಾಂತ ಮುಖ, ಕೈಯಲ್ಲಿ ದೀಪ. ಆಕೆಯೇ ಫ್ಲಾರೆನ್ಸ್ ನೈಟಿಂಗೇಲ್. ಅಂದಹಾಗೆ, ಅಲ್ಲಿ ಓದುವ ಪ್ರತಿಜ್ಞೆಯನ್ನು ಬರೆದವರು ಆಕೆಯಲ್ಲ. ಅದು 1893ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಆಕೆಯ ಗೌರವಾರ್ಥ ರಚಿತವಾದದ್ದು. ಆ ಭಾವಚಿತ್ರದ ದೀಪವೂ ಕಲಾವಿದರ ಕಲ್ಪನೆಯೇ. ಆಕೆ ಹಿಡಿದು ತಿರುಗಿದ್ದು ಟರ್ಕಿ ದೇಶದ, ಬಟ್ಟೆಯ ಮಡಿಕೆಗಳುಳ್ಳ ಸಾಧಾರಣ ಕಂದೀಲು.

ಚಿತ್ರದಲ್ಲಿ ಕಾಣದ ಸಂಗತಿ ಇನ್ನೂ ಒಂದಿದೆ. ನೈಟಿಂಗೇಲ್ ಬದುಕಿದ್ದು 90 ವರ್ಷ. ಅದರಲ್ಲಿ ಯುದ್ಧಭೂಮಿಯ ಆಸ್ಪತ್ರೆಯಲ್ಲಿ ಕಳೆದದ್ದು ಎರಡು ವರ್ಷವೂ ತುಂಬದ ಅವಧಿ. ಅಲ್ಲಿಂದ ಮರಳಿದ ಮರುವರ್ಷವೇ, 37ನೆಯ ವಯಸ್ಸಿನಲ್ಲಿ, ಆಕೆ ಕುಸಿದುಬಿದ್ದರು. ಮುಂದಿನ ದಶಕಗಳ ಬಹುಭಾಗವನ್ನು ಕಳೆದದ್ದು ಮಂಚದ ಮೇಲೆ, ಸೋಫಾದ ಮೇಲೆ, ಪರದೆ ಎಳೆದ ಕೋಣೆಯೊಳಗೆ. ಬೆನ್ನುಮೂಳೆಯ ನೋವು ಆಕೆಯನ್ನು ವರ್ಷಗಟ್ಟಲೆ ನಡೆಯಲಾರದಂತೆ ಮಾಡಿತು. ಲೋಕಕ್ಕೆ ಶುಶ್ರೂಷೆ ಕಲಿಸಿದ ಮಹಿಳೆ ತಾನೇ ರೋಗಿಯಾಗಿದ್ದರು. ಆ ನೋವನ್ನು ಬಹಳ ಕಾಲ ಯಾರೂ ಸರಿಯಾಗಿ ನಂಬಲೂ ಇಲ್ಲ.

ಫ್ಲಾರೆನ್ಸ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗುವಿಗಿಟ್ಟರು. ಒಂದು ವರ್ಷ ಮೊದಲು ನೇಪಲ್ಸ್‌ನಲ್ಲಿ ಹುಟ್ಟಿದ ಅಕ್ಕನಿಗೆ ಆ ಊರಿನ ಪ್ರಾಚೀನ ಗ್ರೀಕ್ ಹೆಸರಾದ ಪಾರ್ಥೆನೋಪೆ ಎಂದು ನಾಮಕರಣವಾಗಿತ್ತು. ತಂದೆ ವಿಲಿಯಂ ನೈಟಿಂಗೇಲ್ ಸಿರಿವಂತ ಜಮೀನುದಾರರು. ಡರ್ಬಿಶೈರ್‌ನಲ್ಲೊಂದು, ಹ್ಯಾಂಪ್‌ಶೈರ್‌ನಲ್ಲೊಂದು, ಹೀಗೆ ಎರಡು ದೊಡ್ಡ ಮನೆಗಳು. ತಂದೆಯೇ ಹೆಣ್ಣುಮಕ್ಕಳಿಗೆ ಗ್ರೀಕ್, ಲ್ಯಾಟಿನ್, ಇತಿಹಾಸ ಕಲಿಸಿದರು. ಕಿರಿಯ ಮಗಳಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಗಣಿತ.

1837ರಲ್ಲಿ, ಹದಿನಾರರ ಪ್ರಾಯದಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂದು ಆಕೆ ನಂಬಿದರು. ಆ ಸೇವೆ ರೋಗಿಗಳ ಆರೈಕೆಯೇ ಎಂದು ತಿಳಿಯಲು ಇನ್ನೂ ಕೆಲವು ವರ್ಷಗಳು ಬೇಕಾದವು. ಮನೆಯವರು ಒಪ್ಪಲಿಲ್ಲ. ಅಂದಿನ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ದಾದಿಯೆಂದರೆ ಕುಡಿತಕ್ಕೂ ಕೀಳು ನಡತೆಗೂ ಹೆಸರಾದವಳೆಂಬ ಭಾವನೆ ಇತ್ತು. ಕುಲೀನ ಮನೆತನದ ಮಗಳು ಅಲ್ಲಿಗೆ ಹೋಗುವುದೆಂದರೇನು? 1845ರಲ್ಲಿ ಸ್ಯಾಲಿಸ್‌ಬರಿಯ ಆಸ್ಪತ್ರೆಯಲ್ಲಿ ಕೆಲಸ ಕಲಿಯಬೇಕೆಂಬ ಆಕೆಯ ಆಸೆಯನ್ನು ಮನೆಯವರು ಚಿವುಟಿಹಾಕಿದರು. 1849ರಲ್ಲಿ ಬಂದ ಯೋಗ್ಯ ವರನನ್ನು ಆಕೆ ನಿರಾಕರಿಸಿದರು. ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ಥ್‌ನ ಧಾರ್ಮಿಕ ಆಸ್ಪತ್ರೆಯಲ್ಲಿ ಸುಮಾರು ಮೂರು ತಿಂಗಳು ತರಬೇತಿ ಪಡೆದರು. ಆಕೆಯ ಔಪಚಾರಿಕ ನರ್ಸಿಂಗ್ ಶಿಕ್ಷಣ ಎಂದರೆ ಹೆಚ್ಚುಕಡಿಮೆ ಅಷ್ಟೇ.

1853ರ ಆಗಸ್ಟ್‌ನಲ್ಲಿ ಲಂಡನ್ನಿನ ಹಾರ್ಲೆ ಬೀದಿಯಲ್ಲಿದ್ದ, ಮಹಿಳೆಯರಿಗೆಂದೇ ಮೀಸಲಾದ ಚಿಕ್ಕ ಆಸ್ಪತ್ರೆಯೊಂದರ ಮೇಲ್ವಿಚಾರಣೆ ಆಕೆಯ ಕೈಗೆ ಬಂತು. ಅಲ್ಲಿ ಆಕೆ ಇಟ್ಟ ಮೊದಲ ಬೇಡಿಕೆಗಳನ್ನು ಗಮನಿಸಬೇಕು. ಪ್ರತಿ ಅಂತಸ್ತಿಗೂ ಕೊಳವೆಯಲ್ಲಿ ಬಿಸಿನೀರು ಬರಬೇಕು. ಅಡುಗೆಮನೆಯಿಂದ ಊಟವನ್ನು ಮೇಲಕ್ಕೆಳೆಯಲು ರಾಟೆಯ ವ್ಯವಸ್ಥೆ ಬೇಕು. ಯಾವ ರೋಗಿ ಗಂಟೆ ಬಾರಿಸಿದರೆಂದು ದೂರದಿಂದಲೇ ತಿಳಿಯುವಂತಿರಬೇಕು. ಇವೆಲ್ಲ ಏಕೆ? ಇವಿಲ್ಲದಿದ್ದರೆ ದಾದಿ ಎಂಬುವಳು ಮೆಟ್ಟಿಲು ಹತ್ತಿ ಇಳಿಯುವ ಒಂದು ಜೊತೆ ಕಾಲಾಗಿ ಮಾತ್ರ ಉಳಿಯುತ್ತಾಳೆ ಎಂಬುದು ಆಕೆಯ ವಾದವಾಗಿತ್ತು. ರೋಗಿಯ ಸೇವೆಯ ಹೆಸರಿನಲ್ಲಿ ಶುಶ್ರೂಷಕಿಯ ಮೈ ಸವೆಯಬಾರದು, ಯಂತ್ರ ಮಾಡಬಹುದಾದುದನ್ನು ಯಂತ್ರವೇ ಮಾಡಲಿ ಎಂಬ ಈ ಮಾತು 170 ವರ್ಷಗಳ ಹಿಂದಿನದು. ಇಂದು ನಮ್ಮ ಎಷ್ಟು ಆಸ್ಪತ್ರೆಗಳಲ್ಲಿ ಲಿಫ್ಟ್ ಕೆಟ್ಟು ನಿಂತಿದೆಯೆಂದು ಓದುಗರೇ ಒಮ್ಮೆ ನೆನೆಯಬಹುದು.

1854ರಲ್ಲಿ ಬ್ರಿಟನ್, ಫ್ರಾನ್ಸ್ ಹಾಗೂ ಟರ್ಕಿಗಳು ರಷ್ಯಾದ ವಿರುದ್ಧ ಕ್ರಿಮಿಯಾದಲ್ಲಿ ಯುದ್ಧಕ್ಕಿಳಿದವು. ಗಾಯಾಳು ಸೈನಿಕರ ದುಃಸ್ಥಿತಿಯ ವರದಿಗಳು ಲಂಡನ್ನಿನ ಪತ್ರಿಕೆಗಳಲ್ಲಿ ಬಂದು ದೇಶವೇ ತಲ್ಲಣಿಸಿತು. ಯುದ್ಧ ಖಾತೆಯ ಸಚಿವ, ಗೆಳೆಯ ಸಿಡ್ನಿ ಹರ್ಬರ್ಟ್ ಆಕೆಗೆ ಕರೆ ಕಳುಹಿಸಿದರು. ಅಕ್ಟೋಬರ್ 21ರಂದು 38 ದಾದಿಯರೊಡನೆ ಹೊರಟ ನೈಟಿಂಗೇಲ್ ನವೆಂಬರ್ ಮೊದಲ ವಾರ ಇಸ್ತಾಂಬುಲ್ ಎದುರಿನ ಸ್ಕುಟಾರಿಯನ್ನು ತಲುಪಿದರು.

ಸೇನಾ ಬ್ಯಾರಕ್ಕನ್ನೇ ಆಸ್ಪತ್ರೆ ಮಾಡಲಾಗಿತ್ತು. ಓಣಿಯಂಥ ಉದ್ದುದ್ದ ಹಜಾರಗಳಲ್ಲಿ ಒತ್ತೊತ್ತಾಗಿ ಹಾಸಿಗೆಗಳು. ಕೊನೆಯಿಂದ ಕೊನೆಗೆ ಅಳೆದರೆ ನಾಲ್ಕು ಮೈಲಿ. ಎಷ್ಟೋ ಮಂದಿಗೆ ಮಂಚವಿಲ್ಲ, ನೆಲದ ಮೇಲೆ ಹುಲ್ಲು ತುಂಬಿದ ಚೀಲವೇ ಹಾಸಿಗೆ. ನೆಲದ ಮೇಲೆ ಮಲಗಿದವನ ಗಾಯ ಕಟ್ಟುವುದೆಂದರೆ ಸೊಂಟ ಬಗ್ಗಿಸಬೇಕು, ಕತ್ತು ಬಾಗಿಸಬೇಕು, ಮಂಡಿಯೂರಬೇಕು. ಒಮ್ಮೊಮ್ಮೆ ಎಂಟು ಗಂಟೆ ಮಂಡಿಯೂರಿಯೇ ಆಕೆ ಗಾಯಗಳಿಗೆ ಪಟ್ಟಿ ಕಟ್ಟಿದ್ದುಂಟೆಂದು ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಹಗಲು ದುಡಿಮೆ, ರಾತ್ರಿ ಕಂದೀಲು ಹಿಡಿದು ಹಜಾರಗಳ ಸುತ್ತಾಟ, ಅದಾದ ಮೇಲೆ ಪತ್ರ, ಲೆಕ್ಕಪತ್ರ, ಸತ್ತವರ ಮನೆಗಳಿಗೆ ಸಾಂತ್ವನದ ಒಕ್ಕಣೆ. ರಾತ್ರಿಯ ಆ ಸುತ್ತಾಟವೇ ಪತ್ರಿಕೆಗಳ ಮೂಲಕ, ಬಳಿಕ 1857ರಲ್ಲಿ ಅಮೆರಿಕದ ಕವಿ ಲಾಂಗ್‌ಫೆಲೊ ಬರೆದ ಕವಿತೆಯ ಮೂಲಕ ಲೋಕಪ್ರಸಿದ್ಧವಾಯಿತು.

ಆದರೆ ಒಂದು ಕಹಿ ಸತ್ಯ. ಆಕೆ ಬಂದ ಮೇಲೂ ಸಾವು ನಿಲ್ಲಲಿಲ್ಲ, ಏರಿತು. 1855ರ ಫೆಬ್ರುವರಿಯಲ್ಲಿ ಅಲ್ಲಿ ದಾಖಲಾದವರ ಪೈಕಿ ಶೇ.42ಕ್ಕೂ ಹೆಚ್ಚು ಮಂದಿ ಸತ್ತರು. ಸಾವಿಗೆ ಗಾಯ ಕಾರಣವಲ್ಲ. ಟೈಫಸ್, ಕಾಲರಾ, ರಕ್ತಭೇದಿಗಳೇ ಕಾರಣ. ಕಟ್ಟಡ ನಿಂತಿದ್ದುದೇ ತುಂಬಿದ ಕೊಳಚೆಗುಂಡಿಗಳ ಮೇಲೆ. ಮಾರ್ಚ್‌ನಲ್ಲಿ ಬ್ರಿಟನ್ನಿನಿಂದ ನೈರ್ಮಲ್ಯ ಆಯೋಗ ಬಂದು ಚರಂಡಿಗಳನ್ನು ತೊಳೆಸಿತು. ನೀರಿನ ಕಾಲುವೆಯಲ್ಲಿ ಸತ್ತ ಕುದುರೆಯೊಂದು ಕೊಳೆಯುತ್ತಿದ್ದುದನ್ನು ತೆಗೆಸಿತು. ಜೂನ್ ವೇಳೆಗೆ ಸಾವಿನ ಪ್ರಮಾಣ ಶೇ.2ರ ಸಮೀಪಕ್ಕಿಳಿಯಿತು. ಈ ಅಂಕಿಗಳ ಪೂರ್ಣ ಅರ್ಥ ಆಕೆಗೆ ಹೊಳೆದದ್ದು ಇಂಗ್ಲೆಂಡಿಗೆ ಮರಳಿದ ಬಳಿಕ, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರೊಡನೆ ಕುಳಿತು ಲೆಕ್ಕ ಹಾಕಿದಾಗ. ಜಗತ್ತು ದೀಪವನ್ನು ಹೊಗಳುತ್ತಿದ್ದ ದಿನಗಳಲ್ಲಿ ಆಕೆಯನ್ನು ಕಾಡುತ್ತಿದ್ದುದು ತಪ್ಪಿಸಬಹುದಾಗಿದ್ದ ಸಾವುಗಳ ಲೆಕ್ಕ.

1855ರ ಮೇ ತಿಂಗಳಲ್ಲಿ ಕಪ್ಪು ಸಮುದ್ರ ದಾಟಿ ಕ್ರಿಮಿಯಾದ ಬಾಲಾಕ್ಲಾವಾದ ಆಸ್ಪತ್ರೆಗಳನ್ನು ನೋಡಲು ಹೋದ ನೈಟಿಂಗೇಲ್ ಅಲ್ಲೇ ಜ್ವರದಿಂದ ಹಾಸಿಗೆ ಹಿಡಿದರು. ವೈದ್ಯರು ಕ್ರಿಮಿಯಾ ಜ್ವರವೆಂದರು. ಸುಮಾರು ಎರಡು ವಾರ ಸಾವು ಬದುಕಿನ ನಡುವೆ ಹೋರಾಟ. ತಲೆಗೂದಲನ್ನು ಕತ್ತರಿಸಬೇಕಾಯಿತು. ಚೇತರಿಸಿಕೊಂಡಾಗ ಊರಿಗೆ ಮರಳಿರೆಂದು ಎಲ್ಲರೂ ಹೇಳಿದರೂ ಆಕೆ ಒಪ್ಪದೆ ಸ್ಕುಟಾರಿಗೇ ಮರಳಿದರು. ಅದೇ ವರ್ಷದ ಶರತ್ಕಾಲದಲ್ಲಿ ಸೊಂಟದಿಂದ ಕಾಲಿಗಿಳಿಯುವ ಸಯಾಟಿಕಾ ನೋವು ಮತ್ತೆ ಆಸ್ಪತ್ರೆಗೆ ಸೇರಿಸಿತು. ಮುಂದಿನ ಐದು ದಶಕಗಳ ಕಥೆಗೆ ಪೀಠಿಕೆ ಅದು.

ಯುದ್ಧ ಮುಗಿದು 1856ರ ಆಗಸ್ಟ್‌ನಲ್ಲಿ ಆಕೆ ಮರಳುವಾಗ ದೇಶ ಮೆರವಣಿಗೆಗೆ ಸಿದ್ಧವಾಗಿತ್ತು. ಆಕೆ ಮಿಸ್ ಸ್ಮಿತ್ ಎಂಬ ಸುಳ್ಳು ಹೆಸರಿನಲ್ಲಿ ಪಯಣಿಸಿ, ಯಾರಿಗೂ ತಿಳಿಸದೆ ಡರ್ಬಿಶೈರ್‌ನ ಮನೆ ತಲುಪಿದರು. ವಿಶ್ರಾಂತಿ ಮಾತ್ರ ಪಡೆಯಲಿಲ್ಲ. ವಿಕ್ಟೋರಿಯಾ ರಾಣಿಯನ್ನು ಕಂಡರು, ಸೈನ್ಯದ ಆರೋಗ್ಯ ಕುರಿತ ರಾಯಲ್ ಆಯೋಗವೊಂದನ್ನು ನೇಮಿಸುವಂತೆ ಒತ್ತಡ ತಂದರು, ಅದಕ್ಕಾಗಿ ಹಗಲಿರುಳು ಬರೆದರು. 1857ರ ಆಗಸ್ಟ್‌ನಲ್ಲಿ ದೇಹ ಕೈಕೊಟ್ಟಿತು. ಎದೆಬಡಿತ, ಉಸಿರಾಟದ ತೊಂದರೆ, ಅನ್ನ ಸೇರದು, ನಿದ್ದೆ ಬಾರದು. ಮಾಲ್ವರ್ನ್ ಎಂಬ ಊರಿನ ಜಲಚಿಕಿತ್ಸೆಗೆ ಹೋದರು. ಇನ್ನು ಹೆಚ್ಚು ದಿನ ಬದುಕುವುದಿಲ್ಲವೆಂದು ಭಾವಿಸಿ, ತಾನು ಸತ್ತ ಮೇಲೆ ಏನೇನು ಮಾಡಬೇಕೆಂದು ಬರೆದಿಟ್ಟರು. ಆಕೆ ಬದುಕಿದರು, ಇನ್ನೂ 53 ವರ್ಷ!

ಈ ಮೊದಲ ಕುಸಿತದ ನಂತರದ ಮೂರು ನಾಲ್ಕು ವರ್ಷಗಳಲ್ಲೇ ಆಕೆಯ ಬಹುಮುಖ್ಯ ಕೃತಿಗಳು ಹೊರಬಂದವು. ಯುದ್ಧದ ಸಾವುಗಳನ್ನು ಬಣ್ಣದ ವೃತ್ತಚಿತ್ರಗಳಲ್ಲಿ ತೋರಿಸಿದ ವರದಿ 1858ರದು. ಆಸ್ಪತ್ರೆ ಕಟ್ಟಡಗಳ ಕುರಿತ ಪುಸ್ತಕ 1859ರದು. ನೋಟ್ಸ್ ಆನ್ ನರ್ಸಿಂಗ್ ಎಂಬ ಪುಟ್ಟ ಹೊತ್ತಗೆಯೂ ಅದೇ ವರ್ಷದ್ದು. ಸಾರ್ವಜನಿಕರು ಕೊಟ್ಟ ಸುಮಾರು 45 ಸಾವಿರ ಪೌಂಡ್ ನಿಧಿಯಿಂದ 1860ರ ಜೂನ್‌ನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ತರಬೇತಿ ಶಾಲೆ ಆರಂಭವಾಯಿತು. ಶಾಲೆಯನ್ನು ಆಕೆ ನಡೆಸಿದ್ದು ಮಂಚದ ಮೇಲಿನಿಂದ, ಪತ್ರಗಳ ಮೂಲಕ. ಶಾಲೆಗೆ ಸ್ವತಃ ಭೇಟಿ ಕೊಟ್ಟದ್ದು 1882ರಲ್ಲಿ!

ನೋಟ್ಸ್ ಆನ್ ನರ್ಸಿಂಗ್ ಪುಸ್ತಕವನ್ನು ಸಾಮಾನ್ಯವಾಗಿ ದಾದಿಯರ ಪಠ್ಯವೆಂದೇ ಓದುತ್ತಾರೆ. ಅದನ್ನು ಬರೆಯುವಾಗ ಆಕೆ ಎರಡು ವರ್ಷದ ರೋಗಿ ಎಂಬುದನ್ನು ನೆನಪಿಟ್ಟು ಓದಿದರೆ ಅದು ಬೇರೆಯೇ ಪುಸ್ತಕವಾಗುತ್ತದೆ. ರೋಗಿಯ ಬೆನ್ನ ಹಿಂದಿನಿಂದ ಮಾತನಾಡಬೇಡಿ, ಬಾಗಿಲಲ್ಲಿ ನಿಂತು ಕೂಗಬೇಡಿ ಎನ್ನುತ್ತಾರೆ. ರೋಗಿಯ ಕಣ್ಣಿಗೆ ನೇರವಾಗಿ ಕಾಣುವಂತೆ ಕುಳಿತುಕೊಳ್ಳಿ, ಇಲ್ಲದಿದ್ದರೆ ನಿಮ್ಮನ್ನು ನೋಡಲು ಆತ ಕತ್ತನ್ನು ಕಷ್ಟಪಟ್ಟು ಹೊರಳಿಸಬೇಕಾಗುತ್ತದೆ ಎನ್ನುತ್ತಾರೆ. ನಿಂತೇ ಇದ್ದರೆ ಆತ ತಲೆ ಎತ್ತಿ ದಣಿಯುತ್ತಾನೆ, ಮಂಚಕ್ಕೆ ಒರಗಬೇಡಿ, ಅಲುಗಿಸಬೇಡಿ ಎನ್ನುತ್ತಾರೆ. ಕತ್ತು ತಿರುಗಿಸುವುದೂ ಒಂದು ಶ್ರಮವೆಂದು ಆರೋಗ್ಯವಂತರಿಗೆ ಹೊಳೆಯುವುದಿಲ್ಲ. ಬಾಗಿಲ ಕಡೆಯಿಂದ ಬಂದ ದನಿಯತ್ತ ಹೊರಳಲಾರದೆ ನರಳಿದವರಿಗೇ ಹೊಳೆಯುವ ಮಾತು ಇದು ಎಂದು ಈ ಲೇಖಕನಿಗೆ ಅನ್ನಿಸುತ್ತದೆ.

1861 ಆಕೆಯ ಪಾಲಿಗೆ ಕರಾಳ ವರ್ಷ. ಆಗಸ್ಟ್‌ನಲ್ಲಿ ಸಿಡ್ನಿ ಹರ್ಬರ್ಟ್ ತೀರಿಕೊಂಡರು. ನವೆಂಬರ್‌ನಲ್ಲಿ, ಆಕೆಯ ಕೆಲಸಗಳಿಗೆ ಬಲಗೈಯಂತಿದ್ದ ಕವಿ ಆರ್ಥರ್ ಹ್ಯೂ ಕ್ಲಫ್ ಗತಿಸಿದರು. ಡಿಸೆಂಬರ್‌ನಲ್ಲಿ ನೋವು ಬೆನ್ನುಮೂಳೆಯನ್ನು ಹಿಡಿಯಿತು. ಈ ಸಲದ್ದು ಎಲ್ಲಕ್ಕಿಂತ ಘೋರ. ಬೆನ್ನುಹುರಿಯಲ್ಲಿ ರಕ್ತ ಕಟ್ಟಿದೆ, ಪಾರ್ಶ್ವವಾಯುವಾಗಬಹುದು ಎಂಬಂಥ ಮಾತುಗಳು ಕೇಳಿಬಂದವು. ಅಂದಿನಿಂದ ಸುಮಾರು ಆರು ವರ್ಷ ಆಕೆ ನಡೆಯಲಾರದವರಾದರು. ಕೋಣೆಯಿಂದ ಕೋಣೆಗೆ, ಮನೆಯಿಂದ ಮನೆಗೆ ಹೊತ್ತುಕೊಂಡೇ ಹೋಗಬೇಕಿತ್ತು. ಒಂದು ಹೊತ್ತಿಗೆ ಒಬ್ಬರಿಗಿಂತ ಹೆಚ್ಚು ಜನರನ್ನು ನೋಡಲಾಗುತ್ತಿರಲಿಲ್ಲ. ನೋವು ತಾಳಲಾರದಾದಾಗ ಚರ್ಮದಡಿಗೆ ಅಫೀಮಿನ ಚುಚ್ಚುಮದ್ದು. ಆಗ ಅದು ಹೊಸ ಚಿಕಿತ್ಸೆ. ಒಂದು ದಿನದ ಮಟ್ಟಿಗೆ ನೋವು ತಗ್ಗುತ್ತದೆ, ಆದರೆ ಬುದ್ಧಿ ಚುರುಕಾಗಿ ಉಳಿಯುವುದಿಲ್ಲ ಎಂದು 1860ರ ದಶಕದ ಪತ್ರಗಳಲ್ಲಿ ಆಕೆ ತೋಡಿಕೊಂಡಿದ್ದಾರೆ.

ಇದೇ ಹಾಸಿಗೆಯಿಂದಲೇ ಆಕೆ ಭಾರತವನ್ನು ಕುರಿತು ಕೆಲಸ ಮಾಡಿದರು. ಭಾರತದಲ್ಲಿದ್ದ ಸೈನ್ಯದ ನೈರ್ಮಲ್ಯ ಸ್ಥಿತಿಯನ್ನು ಅರಿಯಲು 1859ರಲ್ಲಿ ರಾಯಲ್ ಆಯೋಗ ನೇಮಕವಾಯಿತು. ಪ್ರತಿ ದಂಡಿನ ನೆಲೆಗೂ ಕಳುಹಿಸಿದ ಪ್ರಶ್ನಾವಳಿಯನ್ನು ಸಿದ್ಧಪಡಿಸಿದವರಲ್ಲಿ ಆಕೆ ಮುಖ್ಯರು. ಉತ್ತರಗಳು ಗಾಡಿಗಟ್ಟಲೆ ಬಂದವು. ನೀರೆಲ್ಲಿಯದು, ಕೊಳಚೆ ಎಲ್ಲಿಗೆ, ಸೈನಿಕನೊಬ್ಬನಿಗೆ ಎಷ್ಟು ಅಡಿ ಜಾಗ ಎಂಬ ವಿವರಗಳನ್ನೆಲ್ಲ ಮಲಗಿದಲ್ಲಿಂದಲೇ ಓದಿ ಟಿಪ್ಪಣಿ ಬರೆದರು. ನಮ್ಮ ಬೆಂಗಳೂರು ದಂಡು ಪ್ರದೇಶವೂ ಆ ನೆಲೆಗಳಲ್ಲೊಂದು. ಬಜಾರಿನ ಕೊಳೆ ಹರಿದು ಸೇರುವ ಹಲಸೂರು ಕೆರೆಯ ನೀರನ್ನೇ ಕುಡಿಯಲು ಬಳಸುವ ಸಂಗತಿ ಆ ಟಿಪ್ಪಣಿಗಳಲ್ಲಿ ಜಾಗ ಪಡೆಯಿತು. ಆಯೋಗದ ಎರಡು ಸಂಪುಟಗಳ ಬೃಹತ್ ವರದಿ 1863ರಲ್ಲಿ ಹೊರಬಿತ್ತು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಇದ್ದ ಸಾವು ಹತ್ತು ವರ್ಷಗಳಲ್ಲಿ 18ಕ್ಕಿಳಿಯಿತೆಂದು 1873ರಲ್ಲಿ ಆಕೆಯೇ ಲೆಕ್ಕ ಕೊಟ್ಟರು.

ವೈಸರಾಯ್ ಆಗಿ ಹೊರಟ ಸರ್ ಜಾನ್ ಲಾರೆನ್ಸ್ ಹಡಗು ಹತ್ತುವ ಮುನ್ನ ಬಂದು ಕಂಡದ್ದು ಈ ರೋಗಿಯನ್ನು. ಸಚಿವರೂ ಅಧಿಕಾರಿಗಳೂ ಮೊದಲೇ ಸಮಯ ಪಡೆದು ಬರಬೇಕಿತ್ತು. ಭಾರತಕ್ಕೆ ಆಕೆ ಒಮ್ಮೆಯೂ ಬರಲಿಲ್ಲ, ಬರುವ ಶಕ್ತಿಯೂ ಇರಲಿಲ್ಲ. ಕ್ರಮೇಣ ಆಕೆಯ ಗಮನ ಸೈನಿಕರಿಂದ ರೈತರತ್ತ ಹೊರಳಿತು. ಮದ್ರಾಸ್ ಪ್ರಾಂತ್ಯದ ಜೊತೆಗೆ ನಮ್ಮ ಮೈಸೂರು ಸಂಸ್ಥಾನವನ್ನೂ ಬರಿದು ಮಾಡಿದ 1876-78ರ ಮಹಾಕ್ಷಾಮದ ಬಳಿಕ, ನೀರಾವರಿ ಮತ್ತು ರೈತನ ಸಾಲದ ಬಗ್ಗೆ ಆಕೆ ಬ್ರಿಟಿಷ್ ಆಡಳಿತವನ್ನು ಕಟುವಾಗಿ ಟೀಕಿಸಿ ಬರೆದರು. ಸಾಮ್ರಾಜ್ಯವೇ ತಪ್ಪೆಂದು ಆಕೆ ಹೇಳಲಿಲ್ಲ. ಆಡಳಿತ ಸುಧಾರಿಸಬೇಕೆಂದಷ್ಟೇ ಆಕೆಯ ನಿಲುವಾಗಿತ್ತು ಎಂಬುದನ್ನೂ ಮರೆಯಬಾರದು.

ನೋವು ಮನುಷ್ಯರನ್ನು ಮೃದುಗೊಳಿಸುತ್ತದೆ ಎನ್ನುವುದು ಯಾವಾಗಲೂ ನಿಜವಲ್ಲ. ಮೂತ್ರಪಿಂಡದ ಕಾಯಿಲೆಯಿಂದ ಸಾಯುತ್ತಿದ್ದ ಸಿಡ್ನಿ ಹರ್ಬರ್ಟ್ ಕೆಲಸ ಬಿಡುವುದಾಗಿ ಹೇಳಿದಾಗ ಆಕೆ ಕನಿಕರಿಸಲಿಲ್ಲ, ಇನ್ನಷ್ಟು ದುಡಿಸಿದರು. ಹಗಲಿರುಳು ಜೊತೆಗಿದ್ದ ಅತ್ತೆ ಮೇ ಅವರು 1860ರಲ್ಲಿ ತಮ್ಮ ಸಂಸಾರಕ್ಕೆ ಮರಳಿದ್ದನ್ನು ಆಕೆ ವರ್ಷಗಟ್ಟಲೆ ಕ್ಷಮಿಸಲಿಲ್ಲ. ತಾನು ಮಲಗಿಕೊಂಡೂ ದುಡಿಯುತ್ತಿರುವಾಗ ಉಳಿದವರು ದಣಿಯಬಾರದೆಂಬ ಹಟ ಅದು. ಶುಶ್ರೂಷೆಯ ವೃತ್ತಿಗೆ ಆಕೆಯಿಂದ ಬಂದ ಬಳುವಳಿಗಳಲ್ಲಿ ಈ ಹಟವೂ ಸೇರಿತೇನೋ. ದಾದಿ ದಣಿವೆಂದು ಹೇಳಬಾರದು, ನೋವೆಂದು ರಜೆ ಕೇಳಬಾರದು ಎಂಬ ನಿರೀಕ್ಷೆ ಇಂದಿಗೂ ವಾರ್ಡುಗಳಲ್ಲಿ ಜೀವಂತವಾಗಿದೆ.

ಇಷ್ಟಕ್ಕೂ ಆಕೆಗೆ ಆಗಿದ್ದೇನು? ಆಕೆಯ ಜೀವಿತಕಾಲದಲ್ಲೇ ಗುಸುಗುಸು ಇತ್ತು. ಜನರಿಂದ ತಪ್ಪಿಸಿಕೊಳ್ಳಲು, ತಾಯಿ ಮತ್ತು ಅಕ್ಕನ ಕಾಟದಿಂದ ದೂರವಿರಲು ರೋಗದ ನೆಪ ಹೂಡಿದ್ದಾರೆಂದು ಹಲವರ ಅನುಮಾನ. ಹಾಸಿಗೆ ಹಿಡಿದವರು ಇಷ್ಟೊಂದು ಬರೆಯುವುದು ಸಾಧ್ಯವೇ ಎಂಬ ಪ್ರಶ್ನೆ. 1918ರಲ್ಲಿ ಲಿಟನ್ ಸ್ಟ್ರೇಚಿ ಬರೆದ ಪ್ರಸಿದ್ಧ ವ್ಯಕ್ತಿಚಿತ್ರ ಈ ಅನುಮಾನಕ್ಕೆ ವ್ಯಂಗ್ಯದ ಮೊನೆ ಕೊಟ್ಟಿತು. 1974ರಲ್ಲಿ ಬ್ರಿಟನ್ನಿನ ವೈದ್ಯ ಸರ್ ಜಾರ್ಜ್ ಪಿಕರಿಂಗ್ ತಮ್ಮ ಪುಸ್ತಕದಲ್ಲಿ ಇದು ಮನಸ್ಸಿನ ಕಾಯಿಲೆಯೆಂದೇ ವಾದಿಸಿದರು. ಸತ್ತು 64 ವರ್ಷಗಳಾಗಿದ್ದರೂ ಆಕೆಯ ನೋವನ್ನು ನಂಬಲು ವೈದ್ಯಲೋಕ ಸಿದ್ಧವಿರಲಿಲ್ಲ.

1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಡಿ.ಎ.ಬಿ. ಯಂಗ್ ಎಂಬ ವಿಜ್ಞಾನಿ ಬೇರೆ ವಿವರಣೆ ಮುಂದಿಟ್ಟರು. ಕ್ರಿಮಿಯಾ ಜ್ವರವೆಂದರೆ ಬ್ರುಸೆಲ್ಲೋಸಿಸ್ ಆಗಿರಬೇಕು, ಅದು ದೀರ್ಘಕಾಲೀನ ರೂಪ ತಾಳಿ ಬೆನ್ನೆಲುಬಿನ ಕೀಲುಗಳನ್ನು ಉರಿಯೂತಕ್ಕೆ ಗುರಿಮಾಡಿರಬೇಕು ಎಂಬುದು ಅವರ ವಾದ. ಬೆನ್ನುನೋವು, ಸಯಾಟಿಕಾ, ನಿದ್ರಾಹೀನತೆ, ಎದೆಬಡಿತ, ಖಿನ್ನತೆ, ಬಂದು ಹೋಗುವ ಜ್ವರ ಎಲ್ಲವೂ ಈ ಒಂದೇ ರೋಗದ ಲಕ್ಷಣಗಳಿಗೆ ಹೊಂದುತ್ತವೆ. ಇಂದು ಬಹುತೇಕ ಇತಿಹಾಸಕಾರರು ಒಪ್ಪುವ ವಿವರಣೆ ಇದು. ರಕ್ತಪರೀಕ್ಷೆಯ ಸಾಕ್ಷಿಯಂತೂ ಸಾಧ್ಯವಿಲ್ಲ. ಈ ರೋಗದ ಸೂಕ್ಷ್ಮಾಣುವನ್ನು ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದಲ್ಲಿ ಗುರುತಿಸಿದ್ದು 1887ರಲ್ಲಿ. ಕಾಯಿಸದ ಮೇಕೆ ಹಾಲಿನಿಂದ ಅದು ಹರಡುತ್ತದೆಂದು ತಿಳಿದದ್ದು 1905ರಲ್ಲಿ. ಅಷ್ಟರಲ್ಲಿ ನೈಟಿಂಗೇಲ್ 85ರ ಅಜ್ಜಿ.

ಇದು ದೂರದ ಮಾಲ್ಟಾದ ಕಾಯಿಲೆ ಮಾತ್ರವೇನಲ್ಲ. ನಮ್ಮ ದನ, ಕುರಿ, ಮೇಕೆಗಳಲ್ಲೂ ಕಂದು ಹಾಕಿಸುವ ರೋಗವಾಗಿ ಇದು ಪಶುಪಾಲಕರಿಗೆ ಪರಿಚಿತ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆಗೆ ಇದಕ್ಕೂ ಲಸಿಕೆಯಿದೆ. ಹೆರಿಗೆ ಮಾಡಿಸುವ ಪಶುವೈದ್ಯರಿಗೂ ಸಹಾಯಕರಿಗೂ ಸೋಂಕು ತಗುಲಿ, ತಿಂಗಳುಗಟ್ಟಲೆ ಬೆನ್ನುನೋವು ಕಾಡುವುದುಂಟು.

ನೈಟಿಂಗೇಲ್ ಅವರ ನೋವಿಗೆ ಸೂಕ್ಷ್ಮಾಣು ಕಾರಣವಾದರೆ, ಇಂದಿನ ಶುಶ್ರೂಷಕಿಯರ ನೋವಿಗೆ ಕಾರಣ ಕೆಲಸವೇ. ಎರಡನ್ನೂ ಒಂದೆನ್ನಲಾಗದು. ಆದರೆ ನಂಬಿಕೆಯ ಪ್ರಶ್ನೆ ಬಂದಾಗ ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ. ಕತ್ತು, ಭುಜ, ಸೊಂಟ ಈ ಮೂರರ ನೋವು ಆರೋಗ್ಯ ಸಿಬ್ಬಂದಿಯಲ್ಲಿ ವ್ಯಾಪಕವೆಂದು ಅನೇಕ ದೇಶಗಳ ಅಧ್ಯಯನಗಳು ಹೇಳಿವೆ. ರೋಗಿಯನ್ನು ಮಗ್ಗುಲು ಹೊರಳಿಸುವುದು, ಸ್ಟ್ರೆಚರ್‌ನಿಂದ ಮಂಚಕ್ಕೆ ಎಳೆಯುವುದು, ಕತ್ತು ಬಗ್ಗಿಸಿ ನರ ಹುಡುಕಿ ಡ್ರಿಪ್ ಹಾಕುವುದು, ಶಸ್ತ್ರಚಿಕಿತ್ಸೆಯ ಮೇಜಿನ ಬಳಿ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ತಲೆ ತಗ್ಗಿಸಿ ನಿಲ್ಲುವುದು. ತಲೆಯ ತೂಕ ನಾಲ್ಕೈದು ಕಿಲೋ. ಅದು ಮುಂದಕ್ಕೆ ಬಾಗಿದಷ್ಟೂ ಕತ್ತಿನ ಹಿಂಬದಿಯ ಸ್ನಾಯುಗಳು ಹೆಚ್ಚು ಎಳೆಯಬೇಕು. ದಂತವೈದ್ಯರು, ಶಸ್ತ್ರಚಿಕಿತ್ಸಕರು, ಸೀಸದ ಏಪ್ರನ್ ತೊಟ್ಟು ದುಡಿಯುವ ಎಕ್ಸ್‌ರೇ ಸಿಬ್ಬಂದಿ, ಯಾರೂ ಇದಕ್ಕೆ ಹೊರತಲ್ಲ.

ರೋಗಿಯನ್ನು ಎತ್ತುವಾಗ ಒಬ್ಬರ ಮೇಲೆ 35 ಪೌಂಡ್, ಅಂದರೆ ಸುಮಾರು 16 ಕಿಲೋಗಿಂತ ಹೆಚ್ಚಿನ ಭಾರ ಬೀಳುವುದಾದರೆ ಎತ್ತುವ ಸಾಧನ ಬಳಸಬೇಕೆಂದು 2007ರಲ್ಲಿ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಸಂಶೋಧಕರು ಶಿಫಾರಸು ಮಾಡಿದರು. ಅಪಾಯಕರವಾಗಿ ಭಾರ ಎತ್ತಿಸುವುದನ್ನು ಸಾಧ್ಯವಾದಷ್ಟೂ ತಪ್ಪಿಸಬೇಕೆಂದು ಮಾಲೀಕರಿಗೆ ವಿಧಿಸುವ ನಿಯಮ ಬ್ರಿಟನ್ನಿನಲ್ಲಿ 1992ರಲ್ಲೇ ಬಂತು. ಅರುವತ್ತು ಎಪ್ಪತ್ತು ಕಿಲೋ ತೂಗುವ ರೋಗಿಯನ್ನು ಇಬ್ಬರೇ ಸೇರಿ ಬೆಡ್‌ಶೀಟ್ ಹಿಡಿದು ಎಳೆಯುವ ನಮ್ಮ ವಾರ್ಡುಗಳಲ್ಲಿ ಈ ಅಂಕಿ ಕೇಳಿದರೆ ನಗು ಬಂದೀತು. ಹಾರ್ಲೆ ಬೀದಿಯಲ್ಲಿ ನೈಟಿಂಗೇಲ್ ಊಟದ ತಟ್ಟೆಗೆ ರಾಟೆ ಕೇಳಿದ್ದರು. ರೋಗಿಗೊಂದು ರಾಟೆ ಇನ್ನೂ ಬಂದಿಲ್ಲ.

ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯಲ್ಲಿ ಸಂಬಂಧಿಕರೊಬ್ಬರ ಜೊತೆ ನಾಲ್ಕು ರಾತ್ರಿ ಕಳೆದಾಗ, ಕತ್ತಿಗೆ ಕಾಲರ್ ಕಟ್ಟಿಕೊಂಡೇ ರಾತ್ರಿ ಪಾಳಿ ಮಾಡುತ್ತಿದ್ದ ಹಿರಿಯ ಸಿಸ್ಟರ್ ಒಬ್ಬರನ್ನು ಈ ಲೇಖಕ ಕಂಡದ್ದಿದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವಂತೆ. ಆದ್ದರಿಂದ ಹಗುರ ಕೆಲಸದ ಅರ್ಜಿ ತಿರಸ್ಕೃತ. ಡ್ಯೂಟಿ ತಪ್ಪಿಸಲು ನಾಟಕ ಎಂದು ಸಹೋದ್ಯೋಗಿಗಳೇ ಆಡಿಕೊಂಡರೆಂದು ಅವರು ನಗುತ್ತಲೇ ಹೇಳಿದರು. ದಾದಿ ಎಂಬ ಹೆಸರು ಹೋಗಿ ಈಗ ಶುಶ್ರೂಷಾಧಿಕಾರಿ ಎಂಬ ಗೌರವದ ಹೆಸರು ಬಂದಿದೆ. ಕತ್ತು ಮಾತ್ರ ಅದೇ. ಬರಿಗಣ್ಣಿಗೂ ಯಂತ್ರಕ್ಕೂ ಕಾಣದ ದೀರ್ಘಕಾಲದ ನೋವು ಮತ್ತು ಆಯಾಸದ ಕಾಯಿಲೆಗಳ ಜಾಗೃತಿ ದಿನವೂ ಮೇ 12ರಂದೇ ಬರುತ್ತದೆಂಬುದು ಹೆಚ್ಚು ಮಂದಿಗೆ ತಿಳಿಯದು. 1992ರಿಂದ ಆಚರಿಸುವ ಈ ದಿನಕ್ಕೆ ನೈಟಿಂಗೇಲ್ ಜನ್ಮದಿನವನ್ನೇ ಬೇಕೆಂದೇ ಆರಿಸಿಕೊಳ್ಳಲಾಯಿತು.

ಆಕೆಯ ಕಡೆಯ ವರ್ಷಗಳ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. 1865ರಿಂದ ಲಂಡನ್ನಿನ ಸೌತ್ ಸ್ಟ್ರೀಟ್‌ನ ಮನೆಯೇ ಆಕೆಯ ಲೋಕ. ಜೊತೆಗೆ ಬೆಕ್ಕುಗಳ ಹಿಂಡು, ಪೆನ್ಸಿಲ್ಲಿನಲ್ಲಿ ಗೀಚಿದ ಸಾವಿರಾರು ಚೀಟಿಗಳು. 1880ರ ದಶಕದ ಹೊತ್ತಿಗೆ ನೋವು ನಿಧಾನವಾಗಿ ಸಡಿಲಿತು. ಮೈ ತುಂಬಿಕೊಂಡರು, ಮಾತು ಮೃದುವಾಯಿತು. ತರಬೇತಿ ಶಾಲೆಯ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಚಹಾಕ್ಕೆ ಕರೆಯುತ್ತಿದ್ದರು. ದಾದಿಯರ ಸರ್ಕಾರಿ ನೋಂದಣಿಯನ್ನು ವಿರೋಧಿಸಿ ತಮ್ಮದೇ ವೃತ್ತಿಯ ಹೊಸ ಪೀಳಿಗೆಯೊಂದಿಗೆ ಜಗಳವನ್ನೂ ಕಾಯ್ದರು. 20ನೆಯ ಶತಮಾನ ಹುಟ್ಟುವ ಹೊತ್ತಿಗೆ ಕಣ್ಣುಗಳು ಮಂಜಾದವು, ನೆನಪೂ ಮಸುಕಾಯಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಪಡೆದ ಮೊದಲ ಮಹಿಳೆಯಾದಾಗ ಆ ಗೌರವದ ಅರ್ಥ ಆಕೆಗೆ ಪೂರ್ಣ ತಿಳಿಯುವ ಸ್ಥಿತಿ ಇರಲಿಲ್ಲ.

1910ರ ಆಗಸ್ಟ್ 13ರಂದು ಮಧ್ಯಾಹ್ನ ನಿದ್ದೆಯಲ್ಲೇ ಕೊನೆಯುಸಿರೆಳೆದರು. ದೊಡ್ಡವರನ್ನು ಹೂಳುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಜಾಗ ಕೊಡಲು ಸರ್ಕಾರ ಮುಂದಾಯಿತು. ಆಕೆಯ ಇಚ್ಛೆಯಂತೆ ಕುಟುಂಬದವರು ನಿರಾಕರಿಸಿದರು. ಹ್ಯಾಂಪ್‌ಶೈರ್‌ನ ಈಸ್ಟ್ ವೆಲ್ಲೊ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ, ತಂದೆತಾಯಿಯರ ಪಕ್ಕದಲ್ಲಿ ಮಣ್ಣು ಮಾಡಲಾಯಿತು. ಶವಪೆಟ್ಟಿಗೆಯನ್ನು ಹೊತ್ತವರು ಸೈನ್ಯದ ಆರು ಮಂದಿ ಸಾರ್ಜೆಂಟರು. ಕಲ್ಲಿನ ಮೇಲೆ ಆಕೆಯ ಹೆಸರಿಲ್ಲ. ಎಫ್. ಎನ್. ಎಂಬ ಎರಡು ಅಕ್ಷರಗಳು, ಹುಟ್ಟಿದ ಮತ್ತು ತೀರಿದ ವರ್ಷಗಳು, ಅಷ್ಟೇ.